ಎರಡು ಚುಕ್ಕಿ

ಆಫ್ಲಾವೊ ಮುಗಿದು ಲೋಮೆ ಶುರುವಾಗುವಲ್ಲಿ
ಬೇಲಿಗೆ ಬೆನ್ನುಕೊಟ್ಟು, ಬಣ್ಣಗೆಟ್ಟ ಕೊಡೆಯಡಿಯಲ್ಲಿ
ಜಿಗ್ಬೋದಿ ನೋಟು ಬದಲಿಸುತ್ತಾಳೆ.
ಸೇಡಿ ಕೊಟ್ಟವರಿಗೆ ಫ್ರಾಂಕು, ಫ್ರಾಂಕಿಗೆ ಸೇಡಿ,
ನಡುವೆ ಉಗುರಿನ ಕೊಳೆಯಷ್ಟು ತನ್ನ ಪಾಲು.
ಇವತ್ತಿನ ದರ ನಾಲಗೆಯ ತುದಿಗೆ,
ನಿನ್ನೆಯ ನಷ್ಟ ಸೊಂಟದ ಗಂಟಿಗೆ.

ಅಲ್ಲಿಗೆ ಬಂದ, ಬೆವರು ಒರೆಸಿಕೊಳ್ಳುತ್ತ,
ಅಂಕಿಅಂಶದ ಇಲಾಖೆಯ ಸೆಲಾಸಿ.
ಬಗಲಲ್ಲೊಂದು ಕೋಷ್ಟಕ: ಎರಡು ದೇಶ, ಎರಡು ಸಾಲು.
ಒಂದನೇ ತರಗತಿಗೂ ಮೊದಲಿನ ಪುಟ್ಟ ಮಕ್ಕಳಿಗೆಂದು
ಯಾವ ಸರ್ಕಾರ ನೂರರಲ್ಲಿ ಎಷ್ಟು ಬಿಚ್ಚಿತು?

ಒಂದು ಸಾಲಿನಲ್ಲಿ ಸೊನ್ನೆ, ಸೊನ್ನೆಯ ಮುಂದೆ ಬಿಂದು,
ಬಿಂದುವಿನಾಚೆ ಬಿಡಾರ ಹೂಡಿದ ಒಂದು ಬಡಕಲು ಅಂಕಿ.
ಇನ್ನೊಂದರಲ್ಲಿ ಅದೂ ಇಲ್ಲ. ಬರೀ ಎರಡು ಚುಕ್ಕಿ,
ವಿಸರ್ಗವೊಂದು ಅಡ್ಡ ಮಲಗಿ ನಿದ್ದೆಹೋದ ಹಾಗೆ.
ಪುಟದ ಬುಡದಲ್ಲಿ ಇರುವೆಯಕ್ಷರ:
ಮಾಹಿತಿ ಲಭ್ಯವಿಲ್ಲ.

ಆ ಮಂತ್ರಾಲಯಕ್ಕೆ ಹನ್ನೊಂದು ಸಲ ಫೋನು ಮಾಡಿದ್ದ.
ಸಾಹೇಬರು ಊಟಕ್ಕೆ ಹೋಗಿದ್ದರು, ಹನ್ನೊಂದು ಸಲವೂ.
ಯಾವ ಸಾಲು ಯಾವ ದೇಶದ್ದು, ನಾನು ಹೇಳುವುದಿಲ್ಲ.
ಬರುವ ವರ್ಷ ಅದಲುಬದಲಾಗಿರಬಹುದು.

"ಸೇಡಿಯನ್ನೂ ಫ್ರಾಂಕನ್ನೂ ಒಂದೇ ತಕ್ಕಡಿಗೆ ಹಾಕಲಾಗದು, ಅಜ್ಜಿ,
ಅದಕ್ಕೇ ಎರಡನ್ನೂ ಡಾಲರಿಗೆ ತಿರುಗಿಸುತ್ತೇವೆ.
ನಿಜದ ಡಾಲರಲ್ಲ, ಲೆಕ್ಕಕ್ಕೆಂದೇ ಹುಟ್ಟಿಸಿದ್ದು."
ಮೂವತ್ತು ವರ್ಷ ನೋಟು ಮೂಸಿದವಳು ನಕ್ಕಳು:
"ಮುಟ್ಟಲಾಗದ ದುಡ್ಡೇ? ಹರಿದರೆ ಅಂಟಿಸುವುದು ಹೇಗೆ?
ಹೋಗಲಿ, ಮಗುವಿನ ದರ ಹೇಳು.
ಆಚೆಯ ಒಂದು ಮಗುವಿಗೆ ಈಚೆಯ ಎಷ್ಟು ಮಕ್ಕಳು?"
ಸೆಲಾಸಿ ಕ್ಯಾಲ್ಕುಲೇಟರ್ ತೆಗೆದ.
ಚುಕ್ಕಿಯಿಂದ ಭಾಗಿಸಲು ಅದಕ್ಕೆ ಬರಲಿಲ್ಲ.

ಅವಳಿಗೆ ಮೊಮ್ಮಕ್ಕಳು ಆಚೆಗೊಂದು, ಈಚೆಗೊಂದು.
ಈಚೆಯ ಎಸಿನಾಮ್ ಸರ್ಕಾರಿ ಶಾಲೆಗೆ ಹೋಗುವುದು
ತಲೆಯ ಮೇಲೆ ಪ್ಲಾಸ್ಟಿಕ್ ಸ್ಟೂಲು ಹೊತ್ತು;
ಕೂರುವ ಜಾಗ ಬಿಟ್ಟಿ, ಕೂರುವ ಸ್ಟೂಲು ಮನೆಯದು.
ಎಪ್ಪತ್ತೊಂದು ಮಕ್ಕಳು, ಒಬ್ಬ ಟೀಚರು,
ಮೂರು ತುಂಡಾಗಿ ಮುರಿದ ಒಂದು ಸೀಮೆಸುಣ್ಣ.
ಆಚೆಯ ಕೊಸಿವಾಗೆ ಚರ್ಚಿನ ಹಿಂದಿನ ತಗಡಿನ ಚಪ್ಪರ.
ಅಲ್ಲಿಯ ಮೇಡಂ ಅಬ್ಲಾವಿಗೆ ಸಂಬಳ ಮೆಕ್ಕೆಜೋಳ,
ಮನೆಗೊಂದು ಹಾಲಿನ ಡಬ್ಬಿ, ತುಂಬಿ ತುಳುಕುವಂತೆ.
ಆ ಜೋಳ ಯಾವ ಬಜೆಟ್ಟಿನಲ್ಲೂ ಮೊಳೆತಿಲ್ಲ.

ಜಿಗ್ಬೋದಿ ಗಂಟು ಬಿಚ್ಚಿ ಪುಸ್ತಕ ತೆಗೆದಳು,
ಸಾಲ ಬರೆಯುವ ಪುಸ್ತಕದ ಹಿಂಬದಿ:
ಸ್ಟೂಲು. ಚೀಲ. ಜೋಳ. ಮತ್ತೆ ಜೋಳ. ಗಂಜಿಗೆ ಸಕ್ಕರೆ.
ಕೆಮ್ಮಿನ ಔಷಧಿ ಎಂದು ಬರೆದು ಹೊಡೆದುಹಾಕಿದೆ,
ಅದು ಓದಿನ ಖರ್ಚಲ್ಲವಲ್ಲ.
ಪ್ರತಿ ಸಾಲಿನ ಪಕ್ಕ ಆ ದಿನದ ವಿನಿಮಯ ದರ.
"ನನ್ನಲ್ಲಿ ಚುಕ್ಕಿಗಳಿಲ್ಲ. ಬರೆದುಕೋ."
ಅವನು ಕೋಷ್ಟಕವನ್ನು ಮೇಲಿಂದ ಕೆಳಗೆ ಹುಡುಕಿದ:
"ಇದಕ್ಕೆ ಇಲ್ಲಿ ಮನೆಯೇ ಇಲ್ಲ, ಅಜ್ಜಿ.
ಮೂರನೇ ಸಾಲು ಕಚೇರಿ ಒಪ್ಪುವುದಿಲ್ಲ."

ಆದರೂ ಎಳೆದ, ಪೆನ್ಸಿಲಿನಲ್ಲಿ,
ಅಳಿಸಲು ಬರುವಷ್ಟು ತೆಳ್ಳಗೆ.

ಮಧ್ಯಾಹ್ನ ಮಕ್ಕಳು ಬೇಲಿಗೆ ಬಂದರು,
ಇವಳು ಈಚೆ, ಅವಳು ಆಚೆ, ತಂತಿಯ ಕಣ್ಣಿಗಳಲ್ಲಿ ಬೆರಳು ತೂರಿಸಿ.
ವನ್, ಟೂ ಎಂದಳು ಒಬ್ಬಳು.
ಅಂ, ದ್ಯೋ ಎಂದಳು ಇನ್ನೊಬ್ಬಳು.
ಸೆಲಾಸಿ ಕುಕ್ಕರಗಾಲಲ್ಲಿ ಕೂತು ಹಾಳೆ ಹಿಡಿದ:
ಇಲ್ಲೇನಿದೆ, ಓದಿ ನೋಡೋಣ?
ಕೊಸಿವಾ ತಂತಿಗೆ ಮೂಗು ಒತ್ತಿ,
ಚುಕ್ಕಿಯ ಮೇಲೆ ಬೆರಳಿಟ್ಟು,
ಮನೆಮಾತಿನಲ್ಲಿ ಎಣಿಸಿದಳು: ದೆಕಾ. ಎವೆ.

ಎವೆ ಎಂದರೆ ಅವರಲ್ಲಿ ಎರಡು.
ನಮ್ಮಲ್ಲಿ ರೆಪ್ಪೆ.
ಅದನ್ನು ಮಿಟುಕಿಸದೆ ಅವನನ್ನೇ ನೋಡುತ್ತ ನಿಂತಳು,
ಸರಿಯುತ್ತರಕ್ಕೆ ಏನು ಕೊಡುತ್ತಾನೆಂದು.

ಹಿಂದೆ ಜಿಗ್ಬೋದಿ ಯಾರಿಗೋ ಕೂಗಿ ದರ ಹೇಳುತ್ತಿದ್ದಳು.
ಬೆಳಗಿಗಿಂತ ಕೊಂಚ ಇಳಿದಿತ್ತು.